ಕಾದದ್ದು

ಮುಂದಿನ ವರ್ಷ ಬರುತ್ತದಂತೆ. ಕರೆಂಟಿನ ಗಾಡಿ,
ಮೂರು ಸಾಲು, ಏಳು ಸೀಟು, ಹಿಂದಿನ ಸಾಲಿಗೂ ಬೇರೆಯೇ ಎಸಿ.
ಇವರು ರುವೈಸಿನ ಕ್ಯಾಂಪಿನಿಂದ ಫೋಟೊ ಕಳಿಸಿದ್ದಾರೆ.
ಮದುವೆಗೆ ಮುಂಚೆ ನನ್ನ ಫೋಟೊವನ್ನೂ
ಇಷ್ಟು ಹಿಗ್ಗಿಸಿ ನೋಡಿರಲಿಕ್ಕಿಲ್ಲ.

"ಕಾಯೋಣವಾ?" ಅಂತ ಕೇಳಿದ್ದಾರೆ.
ಕಾಯುವುದನ್ನು ನನಗೆ ಯಾರೂ ಕಲಿಸಬೇಕಿಲ್ಲ.
ವೀಸಾಕ್ಕೆ ಹನ್ನೊಂದು ತಿಂಗಳು,
ಲೈಸನ್ಸಿಗೆ ಆರು ಟೆಸ್ಟು
(ಐದನೆಯದರಲ್ಲಿ ಪೊಲೀಸಮ್ಮ ನಕ್ಕೇ ಬಿಟ್ಟಳು),
ಮತ್ತೆ ವಾರ ವಾರ, ಇನ್ನೂರ ನಲವತ್ತು ಕಿಲೋಮೀಟರು ದಾಟಿ
ಮುಸಾಫಾದ ಈ ಗಲ್ಲಿಗೆ ತಿರುಗುವ
ಎರಡು ದೀಪಕ್ಕೆ, ಒಂದು ಮಂಕು, ಒಂದು ಸರಿ.

ಹಳೆಯದು ಮೂರು ಲಕ್ಷದ ಹನ್ನೆರಡು ಸಾವಿರ ಓಡಿದೆ.
ಜುಲೈಯಲ್ಲಿ ಬೆಲ್ಟಿನ ಕೊಂಡಿ ಮುಟ್ಟಿದರೆ ಬೆರಳು ಚುರ್.
ಋತ್ವಿ ಕೈಗೆ ಸಾಕ್ಸ್ ಹಾಕಿಕೊಂಡು ಕಟ್ಟಿಕೊಳ್ಳುತ್ತಾಳೆ,
ಅದೊಂದು ಆಟ ಅವಳಿಗೆ.
ಇದರ ಕಾಗದಕ್ಕೆ ಇಲ್ಲಿ ಮುಲ್ಕಿಯಾ ಅನ್ನುತ್ತಾರೆ.
ಬಂದ ಹೊಸತರಲ್ಲಿ ಪೊಲೀಸ್ ನಿಲ್ಲಿಸಿ "ಮುಲ್ಕಿಯಾ?" ಅಂದಾಗ
"ಅಲ್ಲ, ಮುಲ್ಕಿಗಿಂತ ಈಚೆ, ಹಳೆಯಂಗಡಿ" ಅಂದಿದ್ದೆ ನಾನು.
ಇವರು ಇವತ್ತಿಗೂ ಅದನ್ನು ಎಲ್ಲರೆದುರು ಹೇಳುತ್ತಾರೆ.

ಒಂದು ಚಾರ್ಜಿಗೆ ಐನೂರು ಕಿಲೋಮೀಟರಂತೆ.
ಹೋಗಿ ಬರುವುದಕ್ಕೆ ನಾನೂರ ಎಂಬತ್ತು.
ಉಳಿದ ಇಪ್ಪತ್ತನ್ನು ಸೆಕೆ ತಿನ್ನುತ್ತದೆ,
ಸೆಕೆ ಬಿಟ್ಟರೆ ಇವರ ಬಲಗಾಲು ತಿನ್ನುತ್ತದೆ.
ಪಾರ್ಕಿಂಗ್ ಅಂದರೆ ಎದುರಿನ ಮರಳು.
ವಾಚ್‌ಮನ್ ನೂರುಲ್ ಮೇಲೆ ನೋಡಿದ, ಕೆಳಗೆ ನೋಡಿದ:
"ಮೂರನೇ ಮಾಳಿಗೆಯಿಂದ ವಯರು ಇಳಿಸುತ್ತೀರಾ, ದೀದಿ?"
ಬಾವಿಗೆ ಹಗ್ಗ ಬಿಟ್ಟ ಹಾಗೆ.

ಮೂರು ಸಾಲಿಗೆ ಒಂದು ಸಾಲ. ಸಾಲ ಐದು ವರ್ಷಕ್ಕೆ,
ನಾವು ಎರಡು ವರ್ಷಕ್ಕೆ,
ಅದೂ ಕಂಪನಿ ಸೀಲು ಒತ್ತಿದರೆ.
ಎಣ್ಣೆ ಕಾಯಿಸುವ ಕೆಲಸ, ಎಣ್ಣೆಯ ಸಂಬಳ,
ಎಣ್ಣೆಯೇ ಬೇಡದ ಗಾಡಿ.
ಉಂಡ ಮನೆಯ ಜಂತಿ ಎಣಿಸಿದ ಹಾಗಲ್ಲವಾ ಅಂದರೆ
"ಮಕ್ಕಳಿಗೋಸ್ಕರ ಕಣೇ" ಅನ್ನುತ್ತಾರೆ, ಹೊಗೆಯ ಮಾತೆತ್ತುತ್ತಾರೆ.

ಮಕ್ಕಳು.
ಗಾಡಿ ಬರುವ ಹೊತ್ತಿಗೆ ಹಂಸಿನಿ ಹನ್ನೆರಡು ಮುಗಿಸಿ
ಉಡುಪಿಯ ಹಾಸ್ಟೆಲಿನಲ್ಲಿರುತ್ತಾಳೆ.
ತನ್ವಿತ್ ಈಗಲೇ ನಮ್ಮ ಜೊತೆ ಹೊರಡುವುದಿಲ್ಲ,
ಬಾಲ್ಕನಿಯಿಂದ ಕೈ ಬೀಸುತ್ತಾನೆ, ಅದೂ ಮೊಬೈಲು ಹಿಡಿದ ಕೈ.
ಮೂರನೇ ಸಾಲಿನಲ್ಲಿ ಯಾರು ಕೂರುವುದು?
ಕುಚ್ಚಲಕ್ಕಿ ಮೂಟೆಗೆ ಬೇರೆಯೇ ಎಸಿಯಾ?
ಇದನ್ನು ನಾನು ಇವರಿಗೆ ಹೇಳಿಲ್ಲ. ಏಳು ಸೀಟು ಎಣಿಸುವಾಗ
ಆ ಮುಖ ನೋಡಿದವರು ಯಾರೂ ಹೇಳಲಾರರು.

ಇರುವುದನ್ನು ಕಳೆದ ಶನಿವಾರ ನಾನೇ ಪಾಸಿಂಗಿಗೆ ಒಯ್ದೆ.
ಹಿಂದಿನ ಎರಡು ಟಯರು, ಮಂಕು ದೀಪದ ಬಲ್ಬು.
ಅಷ್ಟೇ ಸಾಕು ಅಂದ ಆ ಹುಡುಗ, ನನಗೇ ನಂಬಿಕೆ ಬರಲಿಲ್ಲ.
ಇನ್ನೊಂದು ವರ್ಷ ಸಿಕ್ಕಿತು,
ಗಾಡಿಗೋ ನಮಗೋ.

ಶುಕ್ರವಾರ ರಾತ್ರಿ ಹತ್ತೂವರೆ.
ಅಡುಗೆಮನೆಯ ಫ್ಯಾನಿನ ತೂತಿನಿಂದ
ಮೊದಲು ಸೈಲೆನ್ಸರಿನ ಕೆಮ್ಮು ಬರುತ್ತದೆ. ಒಲೆ ಹಚ್ಚುತ್ತೇನೆ.
ಇವರು ಮರಳಿನಲ್ಲಿ ಜಾಗ ಹುಡುಕಿ,
ನೂರುಲ್‌ನ ಸುಖದುಃಖ ಕೇಳಿ, ಲಿಫ್ಟಿಗೆ ನಿಂತು,
ಬಾಗಿಲಿಗೆ ಬರುವಷ್ಟರಲ್ಲಿ ಕಾವಲಿ ಹದವಾಗಿ ಕಾದಿರುತ್ತದೆ.
ಒಂಬತ್ತು ವರ್ಷದಲ್ಲಿ ಒಂದು ದೋಸೆ ಸೀದಿಲ್ಲ.

ಹೊಸದು ಸದ್ದೇ ಮಾಡುವುದಿಲ್ಲವಂತೆ.
ಇದನ್ನು ಇವರ ಪಟ್ಟಿಯಲ್ಲಿ ಎಲ್ಲಿ ಬರೆಯಲಿ,
ಬೇಕು ಅನ್ನುವ ಕಡೆಯೋ, ಬೇಡದ ಕಡೆಯೋ?

ಚಪ್ಪಲಿ ಬಿಡುತ್ತಲೇ ಕೇಳುತ್ತಾರೆ, "ಏನು ಯೋಚಿಸಿದೆ?"
ಚೊಂಯ್ ಅಂದಿತು ಹಿಟ್ಟು.
ಕೈ ತೊಳೆದು ಬನ್ನಿ, ಅಂದೆ.