ಕಿವಿರು

ಇಪ್ಪತ್ತಾರು ವರ್ಷ ಕಾರವಾರದ ಪೇಟೆಯಲ್ಲಿ ಮೀನು ಮಾರಿದ್ದೇನೆ,
ನೋಡದೆ ಕೊಂಡವರನ್ನು ಕಂಡಿಲ್ಲ.
ಕಿವಿರು ಎತ್ತುತ್ತಾರೆ, ಕಣ್ಣು ಒತ್ತುತ್ತಾರೆ,
ಬೆರಳು ಮೂಸುತ್ತಾರೆ,
ಐವತ್ತು ರೂಪಾಯಿಯ ಬಂಗಡೆಗೆ
ನಾಲ್ಕು ಸಲ ಬುಟ್ಟಿ ಮಗುಚುತ್ತಾರೆ.

ನಾನೋ, ಇಪ್ಪತ್ತೆಂಟು ಲಕ್ಷದ ಮನೆಗೆ
ಹೊಸ್ತಿಲಲ್ಲೇ ನಿಂತು ಹ್ಞೂಂ ಅನ್ನಲಿದ್ದೆ.

ಕೋಡಿಬಾಗದ ಓಣಿಯ ಕೊನೆ. ಎರಡು ಕೋಣೆ, ಒಂದು ಪಡಸಾಲೆ,
ಗೋಡೆಗೆಲ್ಲ ಹೊಸ ನೀಲಿ, ವಾಸನೆ ಇನ್ನೂ ಹೋಗಿಲ್ಲ.
"ತಾರಸಿ ಹತ್ತಿದರೆ ಕಾಳಿ ಸಮುದ್ರ ಸೇರುವುದು ಕಾಣುತ್ತದೆ"
ಅಂದರು ರಾಯ್ಕರರು.
ಹತ್ತಿದೆ. ಕಂಡಿತು. ಅಷ್ಟೇ, ಸೋತೆ.
ಬಾಡಿಗೆ ಮನೆಯ ಕಿಟಕಿಯಿಂದ ನನಗೆ ಕಾಣುವುದು
ಪಕ್ಕದವರ ನೀರಿನ ಟಾಕಿ.

ಕೈ ಸೆರಗಿನ ಗಂಟಿಗೆ ಹೋಗುವಾಗ
ಜೊತೆಗೆ ಬಂದ ದ್ರೌಪದಿ ತಾಂಡೇಲ ಚಿವುಟಿದಳು:
"ಇನಾಸನನ್ನು ಕರೆಸು. ಮುಂಗಡ ಆಮೇಲೆ."

ಇನಾಸ್ ಮೇಸ್ತ್ರಿಗೆ ಎಪ್ಪತ್ತು ದಾಟಿದೆ.
ತಂದದ್ದು ಒಂದು ಹಳೆಯ ರೂಪಾಯಿ ನಾಣ್ಯ, ಟಾರ್ಚು,
ಮೊಮ್ಮಗನ ಕಿಸೆಯಿಂದ ಎತ್ತಿದ ಗೋಲಿ.

ಗೋಲಿಯನ್ನು ಪಡಸಾಲೆಯ ನಡುವೆ ಇಟ್ಟ.
ಅದು ಸ್ವಲ್ಪ ಹೊತ್ತು ಯೋಚಿಸಿತು,
ಆಮೇಲೆ ಅಡುಗೆಮನೆಯ ಮೂಲೆಗೆ ತಾನೇ ಹೊರಟಿತು,
ದಾರಿ ಗೊತ್ತಿದ್ದ ಬೆಕ್ಕಿನಂತೆ.
"ಈ ಮೂಲೆ ಕೂತಿದೆ."

ನಾಣ್ಯದಿಂದ ತಟ್ಟುತ್ತ ಗೋಡೆಗುಂಟ ನಡೆದ:
ಟಣ್, ಟಣ್, ಟಣ್,
ಡಬ್.
ಡಬ್ ಅಂದಲ್ಲೆಲ್ಲ ಸೀಮೆಸುಣ್ಣದ ಗೆರೆ.
ಗೆರೆಗೊಮ್ಮೆ ರಾಯ್ಕರರು ಕೆಮ್ಮಿದರು.

ಬಾವಿಗೆ ಕೊಡ ಇಳಿಸಿ ಗುಟುಕು ಕುಡಿದು ಉಗಿದ.
"ಮೇ ತಿಂಗಳಲ್ಲಿ ಭರತ ಬಂದರೆ
ನದಿಯೂ ಇದರೊಳಗೆ ನೆಂಟರಂತೆ ಇಳಿಯುತ್ತದೆ."
ಅಲ್ಲಿಂದ ಕಕ್ಕಸಿನ ಗುಂಡಿಗೆ ಹೆಜ್ಜೆ ಹಾಕಿ ಅಳೆದ:
ಹನ್ನೊಂದು. ಏನೂ ಹೇಳಲಿಲ್ಲ. ಮತ್ತೆ ಅಳೆದ.

ಬಚ್ಚಲ ಮೇಲಿನ ಸ್ಲ್ಯಾಬಿಗೆ ಟಾರ್ಚು ಬಿಟ್ಟಾಗ
ನೀಲಿಯ ಅಡಿಯಲ್ಲಿ ಕಂದು ಗೆರೆಯೊಂದು ಉಬ್ಬಿತ್ತು.
"ಸರಳು ಬಸುರಾಗಿದೆ," ಅಂದ,
"ಹೆತ್ತರೆ ನಿನ್ನ ತಲೆ ಮೇಲೇ."

ಕೊನೆಗೆ ಉಗುರಿನಿಂದ ಗಾರೆ ಕೆರೆದು
ನಾಲಿಗೆಗಿಟ್ಟುಕೊಂಡ. ನನ್ನ ಅಂಗೈಗೂ ಒಂದು ಚಿಟಿಕೆ.
ಉಪ್ಪು.
ಮೀನು ತೊಳೆದ ಕೈಯಲ್ಲವೇ ಎಂದು ಇನ್ನೊಂದು ಕೈಯಲ್ಲಿ ನೋಡಿದೆ.
ಉಪ್ಪೇ.
"ಕಡಲ ಮರಳು. ತೊಳೆದಿಲ್ಲ."

"ಮೂವತ್ತೆರಡು ವರ್ಷ ಬಿದ್ದಿಲ್ಲವಲ್ಲ!" ರಾಯ್ಕರರು ರೇಗಿದರು.
ನನಗೆ ನಗು ಬಂತು.
ನಿನ್ನೆಯ ಮೀನನ್ನು ಇಟ್ಟುಕೊಂಡು ನಾನೂ ಹೀಗೇ ರೇಗುತ್ತೇನೆ.
ಐಸು ಹೇರುತ್ತೇನೆ, ಗೋಣಿತಟ್ಟು ನೆನೆಸುತ್ತೇನೆ,
ಸುಳ್ಳೇಕೆ, ಒಂದೆರಡು ಸಲ
ಹೊಸ ಮೀನಿನ ನೆತ್ತರು ಹಳೆಯ ಕಿವಿರಿಗೆ ಸವರಿದ್ದೇನೆ.
ನೀಲಿ ಬಣ್ಣವನ್ನು ನಾನು ಗುರುತಿಸಬೇಕಿತ್ತು.

ಓಣಿಯ ತುದಿಯ ಗೂಡಂಗಡಿಯಲ್ಲಿ ಚಹಾ ಆರಿಸುತ್ತ
ಇನಾಸ್ ಬಸಿಯನ್ನೇ ನೋಡಿ ಹೇಳಿದ:
"ಆ ಮರಳು ಹೊತ್ತವನು ನಾನೇ ಬಾಯಿ.
ರಾತ್ರಿ, ತಲೆ ಮೇಲೆ, ಬುಟ್ಟಿಗೆ ಎಂಟಾಣೆ.
ತೊಳೆಯೋಣ ಅಂದೆ. ನೀರಿನ ಕೂಲಿ ಯಾರು ಕೊಡುತ್ತಾರೆ ಅಂದರು.
ನಾನೂ ಸುಮ್ಮನಾದೆ."

ಮುನ್ನೂರು ಕೊಟ್ಟೆ. ಬೇಡ ಅನ್ನುತ್ತಾನೆ ಅಂದುಕೊಂಡಿದ್ದೆ.
ಎಣಿಸಿ ಕಿಸೆಗಿಟ್ಟ.

ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಲೆಕ್ಕ ಬರೆದ:
ಸ್ಲ್ಯಾಬು, ಗುಂಡಿ, ಮೂಲೆಯ ತಳಪಾಯ,
ಎಲ್ಲ ಸೇರಿ ನಾಲ್ಕೂವರೆ ಲಕ್ಷ.
"ಕಾಗದಪತ್ರ ವಕೀಲರು ನೋಡಲಿ. ಕಾಗದಕ್ಕೆ ತುಕ್ಕು ಹಿಡಿಯುವುದಿಲ್ಲ.
ಕೊಳ್ಳಬೇಡ ಅನ್ನುವುದಿಲ್ಲ ನಾನು,
ಏನು ಕೊಳ್ಳುತ್ತೀಯೋ ಗೊತ್ತಿದ್ದು ಕೊಳ್ಳು.
ಆಟಿ ಮಳೆಯಲ್ಲಿ ಒಮ್ಮೆ ಬಂದು ನೋಡು.
ಬಣ್ಣದ ಬಾಯಿ ಅಲ್ಲಿಯ ತನಕ ಮಾತ್ರ."

ಹಾಳೆ ಈಗ ಹಣದ ಡಬ್ಬಿಯಲ್ಲಿದೆ, ಮುಂಗಡದ ಜೊತೆ.
ಎರಡೂ ಹಾಗೇ ಇವೆ.

ಈ ಬೆಳಿಗ್ಗೆ ಕನ್ನಡಕದ ಹುಡುಗಿಯೊಬ್ಬಳು,
ಊರಿಗೆ ಹೊಸಬಳು, ನರ್ಸಂತೆ,
ಇಸವಣದ ಕಿವಿರಿಗೆ ಬೆರಳಿಟ್ಟು
ಬೈಯುತ್ತಾಳೋ ಎಂದು ನನ್ನ ಮುಖ ನೋಡಿದಳು.
ಬೈಗುಳ ನಾಲಿಗೆ ತುದಿಗೆ ಬಂದೂ ಇತ್ತು.

"ಎತ್ತು," ಅಂದೆ.
"ಇನ್ನೂ ಮೇಲೆ. ಬೆಳಕಿಗೆ ಹಿಡಿ."