ಇತರೆ

ಬಾಸೆಲ್ ನಿಲ್ದಾಣದ ನೆಲಮಾಳಿಗೆಯಲ್ಲಿ
ಕಳೆದ ವಸ್ತುಗಳ ಕೋಣೆ ನನ್ನದು.
ಹತ್ತೊಂಬತ್ತು ವರ್ಷ ಒಂದೇ ನಮೂನೆ ತುಂಬಿದೆ.
ಬಣ್ಣ, ಗಾತ್ರ, ಕಂಪನಿ, ಸಿಕ್ಕ ಗಾಡಿ,
ಹೀಗೆ ಹನ್ನೆರಡು ಕಾಲಂ.
ಹನ್ನೆರಡನೆಯದು: ಇತರೆ.

ಕೊಡೆಗೆ ಕಂಪನಿ ಉಂಟು.
ಮರಗಾಲಿಗೆ?
ಹಲ್ಲಿನ ಸೆಟ್ಟಿನ ಬಣ್ಣ ಏನೆಂದು ಬರೆಯಲಿ?
'ಹಲ್ಲಿನ ಬಣ್ಣ' ಎಂದು ಬರೆದೆ ಒಮ್ಮೆ,
ಮೇಲಿನವರಿಂದ ಚೀಟಿ ಬಂತು: ತಮಾಷೆ ಬೇಡ.
ಫಾಸ್ನಾಹ್ಟ್ ಮುಗಿದ ಮರುದಿನವಂತೂ
ಪಿಕೊಲೊ ಕೊಳಲು, ಮಾರುದ್ದ ಮೂಗಿನ ಮುಖವಾಡ,
ಕಾಗದದ ಚೂರು ತುಂಬಿದ ಒಂಟಿ ಬೂಟು,
ಎಲ್ಲ ಹೋಗಿ ಇತರೆಯಲ್ಲಿ ಬೀಳುತ್ತಿದ್ದವು,
ಬಾವಿಗೆ ಬಿದ್ದ ಹಾಗೆ.

ಆಗ ಫ್ಲೂರಿನಾ ಬಂದಳು, ಖೂರ್ ಊರಿನವಳು,
ಬೆನ್ನಚೀಲದಲ್ಲಿ ಲ್ಯಾಪ್‌ಟಾಪು, ಒಂದು ಸೇಬು.
ನಿನ್ನ ನಮೂನೆಗೆ ಎಷ್ಟು ಕಾಲಂ, ಕೇಳಿದೆ.
'ಮೊದಲು ವಸ್ತು ಬರಲಿ' ಎಂದಳು.
'ಅದರಲ್ಲಿ ಇರೋದನ್ನಷ್ಟೇ ಬರೀರಿ.
ಆಕಾರ ಆಮೇಲೆ ಕಾಣುತ್ತೆ.'
ಗೋಡೆ ಏಳುವ ಮುಂಚೆ
ಸಾಮಾನು ಇಳಿಸಿದ ಹಾಗಾಯಿತಲ್ಲ, ಎಂದೆ.
'ಹೌದು' ಎಂದು ಸೇಬು ಕಚ್ಚಿದಳು.

ಅವಳು ಕಟ್ಟಿದ್ದು ಒಂದು ಮರ. ಬೇರು ಮೇಲೆ, ಕೊಂಬೆ ಕೆಳಗೆ.
ಒಂದೊಂದಕ್ಕೂ ಒಂದೊಂದು ದಾರಿ:
ಸಿಕ್ಕಿದ್ದು / ನವೆಂಬರ್ / ಏಳನೇ ಪ್ಲಾಟ್‌ಫಾರಂ / ಕೋಟು.
ಕೋಟಿನ ಕೆಳಗೆ ಜೇಬು, ಜೇಬಿನ ಕೆಳಗೆ ಬೀಗದ ಕೈ.
ಆ ದಾರಿಯನ್ನು ಬ್ರೌಸರಿನ ನೆತ್ತಿಯ ಮೇಲೆ ಬರೆದರೆ
ಕೋಟೇ ಎದ್ದು ಬರುತ್ತೆ.
ಕೊನೆಗೆ ಚುಕ್ಕೆ ಇಟ್ಟು 'ಚೀಟಿ' ಎಂದರೆ
ಅಂಟಿಸುವ ಚೀಟಿಯಾಗಿ,
'ಪಟ್ಟಿ' ಎಂದರೆ ಗೋದಾಮಿನ ಟೋನಿಗೆ ಸಾಲಾಗಿ.
ಹೊರಗಿನಿಂದ ಕೇಳುವವರಿಗೆ ಅರ್ಧ ಮುಚ್ಚಿದ ಮುಖ,
ಜೇಬಿನ ಸುದ್ದಿಯನ್ನು ಯಾರಿಗೂ ಬಿಟ್ಟುಕೊಡದ್ದು.
ಮುಖ ನಾಲ್ಕಾದರೂ
ಮೊಳೆಗೆ ನೇತುಹಾಕಿದ ಕೋಟು ಒಂದೇ.

ನನಗೂ ಚಾಳಿ ಹತ್ತಿತು.
ಡಿಸೆಂಬರಿನಲ್ಲಿ ಒಂದು ಚರ್ಮದ ಸುರುಳಿ ಬಂದಾಗ
ಬಣ್ಣ ಬರೆಯುವ ಮೊದಲು ಮೂಸಿ ನೋಡಿದೆ.
ವಾಸನೆ: ಕರ್ಪೂರ.
ಅಲ್ಲಾಡಿಸಿದೆ.
ಸದ್ದು: ಮೂರು ಬಗೆ. ಒಂದು ಕಬ್ಬಿಣದ್ದು, ಒಂದು ಮರದ್ದು,
ಇನ್ನೊಂದು ಸದ್ದೇ ಅಲ್ಲ, ಮೆತ್ತಗೆ.

ನಾಲ್ಕನೇ ದಿನ ಕಿಟಕಿಗೆ ಬಂದವರು
ಎಡ್ವಿನ್ ಶಾಉಬ್, ಪಿಯಾನೊ ಶ್ರುತಿ ಮಾಡುವವರು.
ಬಿಳಿ ಕೋಲನ್ನು ಕೌಂಟರಿಗೆ ಒರಗಿಸಿದರು.
ಬಾಯಿ ಅಭ್ಯಾಸಬಲದಿಂದ ಕೇಳಿಯೇಬಿಟ್ಟಿತು:
ಬಣ್ಣ ಯಾವುದು?
ಅವರು ನಕ್ಕರು. 'ಅದನ್ನು ನೀವೇ ಹೇಳಬೇಕು.
ಹಿಡಿದು ಆಡಿಸಿದರೆ ಮೂರು ಥರ ಕೇಳುತ್ತೆ.'

ಹುಡುಕುವ ಜಾಗದಲ್ಲಿ 'ಸದ್ದು' ಎಂದು ಹೊಡೆದೆ.
ಇಡೀ ಸ್ವಿಟ್ಜರ್‌ಲೆಂಡಿನ ಕಳೆದುಹೋದ ಲೋಕದಲ್ಲಿ
ಸದ್ದು ಇದ್ದದ್ದು ಒಂದಕ್ಕೇ.

ಸುರುಳಿ ಬಿಚ್ಚಿ ಬೆರಳಲ್ಲೇ ಎಣಿಸಿಕೊಂಡರು:
ತಿರುಗಣೆ, ಬೆಣೆ, ಉಣ್ಣೆಯ ಪಟ್ಟಿ.
ನಾನು ಬರೆದದ್ದನ್ನು ಓದಿಸಿ ಕೇಳಿದರು.
'ಕರ್ಪೂರ ಅಲ್ಲಮ್ಮಾ, ದೇವದಾರು.
ಉಣ್ಣೆಗೆ ನುಸಿ ಹಿಡಿಯದಿರಲಿ ಅಂತ ಒಂದು ಚೂರು.'
ತಿದ್ದಿದೆ.
ನನ್ನ ಕರ್ಪೂರವೂ ಅಳಿಯಲಿಲ್ಲ,
ತಾರೀಖು, ಗಂಟೆ ಸಮೇತ ಹಿಂದಿನ ಪ್ರತಿಯಲ್ಲಿ ಕೂತಿದೆ.
ತಪ್ಪನ್ನೂ ಕಳೆಯಗೊಡದ ಪೆಟ್ಟಿಗೆ,
ಇದೊಂದು ನನಗೆ ಪೂರ್ತಿ ಹಿಡಿಸಿಲ್ಲ.

ಹೊರಡುವಾಗ ಬಾಗಿಲಲ್ಲಿ ನಿಂತು
'ಹೇಳಲೇ ಇಲ್ಲವಲ್ಲ' ಎಂದರು.
ಕಂದು, ಎಂದೆ. ಅಂಚು ಸವೆದು ಕೆಂಪಾಗಿದೆ.
'ಓ' ಎಂದರು, ಅಷ್ಟೇ.

ಫ್ಲೂರಿನಾಳ ಕೆಲಸ ಮುಗಿಯುವ ಸಂಜೆ
ಇಲ್ಲದ ದಾರಿಯೊಂದನ್ನು ಬೇಕೆಂದೇ ಬರೆದು ನೋಡಿದೆ.
ನಾಲ್ಕುನೂರ ನಾಲ್ಕು: ಸಿಗಲಿಲ್ಲ.
ಹತ್ತೊಂಬತ್ತು ವರ್ಷದಿಂದ ಈ ಕಿಟಕಿಯಲ್ಲಿ
ನಾನು ಹೇಳಿದ್ದೂ ಅದೇ ಮಾತು.
ಅದಕ್ಕೊಂದು ನಂಬರ್ ಇದೆ ಅಂತ ಗೊತ್ತಿರಲಿಲ್ಲ.
ಆದರೆ ನಾನು ಅಷ್ಟಕ್ಕೇ ಬಿಡುತ್ತಿರಲಿಲ್ಲ, ಎಂದೆ.

ಅವಳು ಕೋಟು ಬಿಚ್ಚಿಟ್ಟು ಮತ್ತೆ ಕೂತಳು.
ಎರಡು ನಿಮಿಷದ ಕೆಲಸ.
ಈಗ ಅದರ ಕೆಳಗೆ ಸಣ್ಣ ಅಕ್ಷರದಲ್ಲಿದೆ:
ನಾಳೆ ಇನ್ನೊಮ್ಮೆ ಕೇಳಿ.