ಮೂರನೆಯ ಕೀಲಿ

ತಗಡಿನ ಪೆಟ್ಟಿಗೆ. ನೀಲಿ ಬಣ್ಣ, ಮೂಲೆಗೆ ತುಕ್ಕು.
ಮುಚ್ಚಳಕ್ಕೆ ಮೂರು ಬೀಗ, ಮೂರು ಕೀಲಿ ಮೂವರ ಕೊರಳಲ್ಲಿ:
ಡೋರಿಕಾ, ನಾಸಿಬೆಕೊ, ಎನೆಲೆಸಿ.
ಪೆಟ್ಟಿಗೆ ಇರುವುದು ನನ್ನ ಚಾಪೆಯ ತಲೆದೆಸೆಗೆ;
ಕೀಲಿಯಿಲ್ಲದವಳ ಮನೆಯಲ್ಲೇ ಇರಬೇಕಂತೆ, ನಿಯಮ.
ಆರನೇ ತರಗತಿ ಮುಟ್ಟಿದವಳೆಂದು ಲೆಕ್ಕದ ಪುಸ್ತಕವೂ ನನಗೇ.
ಮದುವೆ ಗಿದುವೆ ಇಲ್ಲದೆ ಬೀಗಿತ್ತಿಯರಾದೆವು ನಾವು,
ಬರೀ ಬೀಗಗಳಿಂದ.

"ಇದು ಕಳ್ಳರಿಗಲ್ಲ," ಎಂದಿದ್ದಳು ಡೋರಿಕಾ ಮೊದಲ ದಿನ
ಬೀಗ ಜಗ್ಗಿ ನೋಡುತ್ತ, "ಫೆಬ್ರವರಿಗೆ."

ಬಂತು ಫೆಬ್ರವರಿ.
ಮೆಕ್ಕೆಜೋಳ ಎದೆಮಟ್ಟ ನಿಂತಿದೆ, ತೆನೆಯಲ್ಲಿ ಕಾಳಿಲ್ಲ, ಬರೀ ರೇಷ್ಮೆ.
ಶಿರೆ ನದಿ ಕೆಂಪಗೆ ಉಬ್ಬಿ, ಮೀನೂ ಬಲೆಗೆ ಬೀಳದು.
ಕಣಜದ ತಳ ಎರಡು ಸಲ ಗುಡಿಸಿದೆ;
ಎರಡನೆಯ ಸಲ ಸಿಕ್ಕಿದ್ದು
ಯಾರ ಅಂಗಿಯದೋ ಒಂದು ಗುಂಡಿ.
ಹಿಟ್ಟಿಗೆ ತೌಡು ಬೆರೆಸಿ ನ್ಸಿಮಾ ತಿರುವಿದೆವು.
ಕುಂಬಳದ ಸೊಪ್ಪು ಬೇಯಿಸಿದೆವು, ಆಮೇಲೆ ಹೂವು.
ಹೂವು ತಿಂದ ಬಳ್ಳಿಯನ್ನು ಕಾಯಿ ಕೇಳುವ ಹಾಗಿಲ್ಲ.
ನಾಸಿಬೆಕೊ ಮಾಡಿನ ತಗಡೊಂದನ್ನು ಮಾರಿ
ಆ ತೂತಿನ ಕೆಳಗೆ ಕೊಡವಿಟ್ಟು
"ಮನೆಯೊಳಗೇ ನಲ್ಲಿ ಹಾಕಿಸಿಕೊಂಡೆ" ಎಂದಳು.
ನಕ್ಕೆವು. ನಗೆಗೆ ಹಿಟ್ಟು ಬೇಡವಲ್ಲ.

ಎನೆಲೆಸಿ ಚಹಾ ತೋಟದ ಕೂಲಿಗೆ
ತ್ಯೋಲೊ ಗುಡ್ಡ ಹತ್ತಿದಳು,
ಕೊರಳ ಕೀಲಿ ಕೊರಳಲ್ಲೇ.

ನಾಸಿಬೆಕೊಳ ಮೊಮ್ಮಗನ ಹೆಸರು ಮಸಾವುಟ್ಸೊ.
ಎಂದರೆ ಕಷ್ಟ. ಕೆಟ್ಟ ವರ್ಷ ಹುಟ್ಟಿದವನು,
ಇಟ್ಟರು, ಉಳಿಯಿತು.
ಅವನಿಗೆ ಆ ರಾತ್ರಿ ಜ್ವರ ನೆತ್ತಿಗೇರಿ ಕಣ್ಣು ಮೇಲಾಯಿತು.
ಊರ ದವಾಖಾನೆಯಲ್ಲಿ ಗೋಡೆಗೆ ಅಂಟಿಸಿದ ಚಿತ್ರವಿದೆ, ಮದ್ದಿಲ್ಲ.
ಬೈಕಿನವನು ಮೊದಲು ಕಾಸು ಎಂದ.
ಕಾಸಿತ್ತು. ನನ್ನ ತಲೆದೆಸೆಗೇ ಇತ್ತು,
ಎರಡು ಬೀಗ ತೆರೆದ ಮೇಲೂ
ಮೂರನೆಯದರ ಬಾಯಿ ಕಚ್ಚಿತ್ತು.

ಯಾವನೋ ಹುಡುಗ ಕೊಡಲಿ ತಂದ.
ಡೋರಿಕಾ ಪೆಟ್ಟಿಗೆಯ ಮೇಲೆ ಕುಂಡೆಯೂರಿ ಕೂತಳು,
ಒಂದು ಮಾತಾಡಲಿಲ್ಲ.
ಕೊಡಲಿ ತನ್ನಷ್ಟಕ್ಕೆ ಕೆಳಗಿಳಿಯಿತು.

ಆಸ್ಪತ್ರೆಯೂ ಆ ಗುಡ್ಡದ ದಿಕ್ಕಿಗೇ, ತೋಟವೂ ಆ ದಿಕ್ಕಿಗೇ.
ಹೊರಟೆವು.
ಬೆನ್ನಿಗೆ ಮಗು ಕಟ್ಟಿಕೊಂಡು ನಾಸಿಬೆಕೊ,
ಕೈಯಲ್ಲಿ ಬ್ಯಾಟರಿ ಹಿಡಿದು ಡೋರಿಕಾ,
ತಲೆಯ ಮೇಲೆ ಪೆಟ್ಟಿಗೆ ಹೊತ್ತು ನಾನು.
ಮನೆಮನೆಯ ಹೆಂಗಸರು ಬಾಗಿಲಿಗೆ ಬಂದು
ಒಬ್ಬಳು ಬಿಸಿನೀರು, ಒಬ್ಬಳು ಹಿಡಿ ಉಪ್ಪು;
ಉಪ್ಪು ಯಾಕೆಂದು ಅವಳಿಗೂ ಗೊತ್ತಿರಲಿಲ್ಲ,
ಮನೆಯಲ್ಲಿ ಇದ್ದದ್ದು ಅದೇ.
ಹೆಜ್ಜೆಗೊಮ್ಮೆ ನೆತ್ತಿಯ ಮೇಲೆ ನಾಣ್ಯ ಗಲಗಲ.
ನಲವತ್ತು ವಾರ ಮೊಟ್ಟೆ ತಿನ್ನದೆ ಮಾರಿದ ಸದ್ದು ಅದು.
ದಾರಿಗೆ ಮಳೆ. ನಡುವೆ ಮಗು ಅತ್ತಿತು.
ಅಳಲಿ, ಅಳಲಿ ಎಂದುಕೊಂಡೆವು.

ಬೆಳಕು ಹರಿದಾಗ ಹಸಿರು ಸಾಲಿನ ನಡುವೆ ಎನೆಲೆಸಿ,
ಬೆನ್ನಿಗೆ ಬುಟ್ಟಿ, ಬೆರಳೆಲ್ಲ ಕಂದು.
ಮೇಸ್ತ್ರಿ ಕೂಗುತ್ತಿದ್ದ, ಅವಳಿಗೆ ಕೇಳಿಸಲಿಲ್ಲ.
ದಾರ ಹಿಡಿದು ಕೀಲಿ ಎಳೆದಳು ರವಿಕೆಯೊಳಗಿಂದ,
ಬೆವರಿಗೆ ಬೆಚ್ಚಗಿತ್ತು.
ಚಹಾ ಗಿಡಗಳ ನಡುವೆ ಕೆಸರಲ್ಲಿ ಕೂತು ತೆರೆದೆವು,
ಎಣಿಸಿದೆವು, ಎರಡು ಸಲ.
ನಾಸಿಬೆಕೊ ಸಿಕ್ಕ ಬೈಕು ಹತ್ತಿ ಹೋದಳು.

ಉಳಿದ ಮೂವರು ಅಲ್ಲೇ ಕೂತೆವು.
ನಾನು ಪುಸ್ತಕ ಬಿಚ್ಚಿದೆ.
ಅದರಲ್ಲಿ ಎರಡು ಅಂಕಣ: ಸಾಲ ಒಂದು,
ತೀರಿಸಬೇಕಿಲ್ಲದ್ದು ಇನ್ನೊಂದು;
ನಾನೇ ಹೆಸರು ಬರೆದದ್ದು, ಮಸಾವುಟ್ಸೊ ಎಂದು.
ಆ ಅಂಕಣದ ಕೆಳಗೆ, ಯಾರಿಗೆ ಎಂಬಲ್ಲಿ,
ಮತ್ತೆ ಅದೇ ಅಕ್ಷರ ಬರೆದೆ.
ಪೆನ್ಸಿಲಿನ ಮೊನೆ ಒದ್ದೆ ಕಾಗದವನ್ನು ತುಸು ಹರಿಯಿತು.

ಎನೆಲೆಸಿ ಎದ್ದು ಬುಟ್ಟಿ ಸರಿಪಡಿಸಿಕೊಂಡಳು.
"ತಡಿ," ಎಂದೆ, "ನಾಲ್ಕು ಸಭೆಗೆ ಬಂದಿಲ್ಲ ನೀನು.
ದಂಡ, ತಲಾ ಐವತ್ತು."
ಅವಳು ನನ್ನನ್ನೇ ದಿಟ್ಟಿಸಿದಳು.
ಆಮೇಲೆ ಸೆರಗಿನ ಗಂಟು ಬಿಚ್ಚಿ
ಇನ್ನೂರು ಕ್ವಾಚಾ ಎಣಿಸಿ ಕೊಟ್ಟು
ಮೂರೂ ಬೀಗ ಒತ್ತಿ ನೋಡಿ
ಸಾಲಿಗೆ ಮರಳಿದಳು.